ಮೂವತ್ತೊಂದನೆಯ ಕೈ

ಕ್ವಾರಿಯಲ್ಲಿ ವೋಟು ನಡೆದದ್ದು ಒಂದೇ ಸಲ. ಆ ವೋಟಿಗೆ ಎರಡು ತಿಂಗಳು ತುಂಬುವ ಮೊದಲೇ ತಂಗಿ ಸತ್ತಳು. ಕಲ್ಲು ಬಿದ್ದು ಸತ್ತಳು ಎಂದು ಎಲ್ಲರೂ ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಆ ಕಲ್ಲು ಅವಳ ಮೇಲೆ ಯಾಕೆ ಬಿತ್ತು ಎಂದು ಕೇಳಿದರೆ ಸಾಕು, ಎಲ್ಲರಿಗೂ ತಂತಮ್ಮ ಕೆಲಸ ನೆನಪಾಗುತ್ತದೆ.

ತಂಗಿ ಹುಟ್ಟು ಕಿವುಡಿ. ಕಿವಿ ಇಲ್ಲದ ಮೇಲೆ ಮಾತೂ ಇರಲಿಲ್ಲ. ಮದುವೆ ಎನ್ನುವ ಮಾತೇ ಎದ್ದಿರಲಿಲ್ಲ. ಅಕ್ಕನ ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿತ್ತು. ಅಕ್ಕ ತಂಗಿ ಇಬ್ಬರೂ ಕ್ವಾರಿಯ ಲೈನ್ ಮನೆಯ ಒಂದೇ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ಬೆಳಗಾದರೆ ಇಬ್ಬರೂ ಬಂಡೆಯ ಬುಡದಲ್ಲಿ ಕೂತು ದೊಡ್ಡ ಕಲ್ಲನ್ನು ಸಣ್ಣ ಕಲ್ಲು ಮಾಡುತ್ತಿದ್ದರು. ಅಕ್ಕ ಏಳುವಾಗ ತಂಗಿಯ ಹೆಗಲು ಮುಟ್ಟಬೇಕು, ತಂಗಿ ಏಳುತ್ತಾಳೆ. ಅಕ್ಕ ಬುಟ್ಟಿ ಎತ್ತಿದರೆ ತಂಗಿಯೂ ಬುಟ್ಟಿ ಎತ್ತುತ್ತಾಳೆ. ಮೂವತ್ತು ವರ್ಷ ಹಾಗೆಯೇ ನಡೆದಿತ್ತು. ಅಕ್ಕನನ್ನು ನೋಡಿ ಮಾಡಿದ್ದು ಯಾವತ್ತೂ ತಪ್ಪಾಗಿರಲಿಲ್ಲ.

ಆಗ ಅಲ್ಲಿ ಕೂಗು ಎನ್ನುವುದೊಂದಿತ್ತು. ಬಂಡೆಗೆ ಕುಳಿ ಹೊಡೆದು ಮದ್ದು ತುಂಬಿದ ಮೇಲೆ ಎಲ್ಲರೂ ದೂರದ ಮರೆಗೋಡೆಯ ಹಿಂದೆ ಹೋಗಿ ಕೂರುತ್ತಿದ್ದರು. ಮದ್ದಿನಜ್ಜ ಪಕ್ಕದ ದಿಬ್ಬ ಹತ್ತಿ ನಿಲ್ಲುತ್ತಿದ್ದ. ಎಡಗೈಯಲ್ಲಿ ಅವನಿಗೆ ಎರಡೇ ಬೆರಳು. ಉಳಿದ ಮೂರನ್ನು ಮದ್ದು ತಿಂದಿತ್ತು. ಅವತ್ತಿನಿಂದ ಅವನಿಗೆ ಯಾರ ಮೇಲೂ, ತನ್ನ ಮೇಲೂ, ನಂಬಿಕೆ ಇರಲಿಲ್ಲ. ಅವನು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕುಂಟಾ. ದೊಡ್ಡ ಸೊಸೇ. ಬಕೆಟ್ಟು. ಅಕ್ಕಾ. ಕರೆಸಿಕೊಂಡವರು ಗೋಡೆಯ ಹಿಂದಿನಿಂದ "ಇದ್ದೀನಿ" ಎನ್ನಬೇಕು. ತಂಗಿಯ ಸರದಿ ಬಂದಾಗ ಅಕ್ಕ ಅವಳ ಹೆಗಲು ಮುಟ್ಟುತ್ತಿದ್ದಳು, ತಂಗಿ ಸುತ್ತಿಗೆಯಿಂದ ಗೋಡೆಗೆ ಎರಡು ಬಾರಿಸುತ್ತಿದ್ದಳು. ಅಜ್ಜನನ್ನು ಬಿಟ್ಟು ಮೂವತ್ತೊಂದು ಜನ. ಮೂವತ್ತು ಗಂಟಲು, ಒಂದು ಸುತ್ತಿಗೆ. ಒಂದು ಕಡಿಮೆಯಾದರೂ ಅಜ್ಜ ಮದ್ದು ಸಿಡಿಸುವ ಗುಂಡಿ ಒತ್ತುತ್ತಿರಲಿಲ್ಲ. ಮೇಸ್ತ್ರಿ ಕೆಳಗಿನಿಂದ ಎಷ್ಟೇ ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಮ್ಮೆ ಕುಂಟ ಮುನಿಸಿಕೊಂಡ. ಹರಿದ ಚಪ್ಪಲಿಯ ಬದಲು ಬೇರೆ ಕೊಡಿ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ನಿನಗೆ ಒಂದೇ ಸಾಕಲ್ಲ, ಎಂದು ಹಲ್ಲು ಕಿಸಿದಿದ್ದ. ಅಂದು ಮಧ್ಯಾಹ್ನ ಅಜ್ಜ ಕರೆದಾಗ ಕುಂಟ ಬಾಯಿ ಬಿಡಲಿಲ್ಲ. ಅಲ್ಲೇ ಕೂತಿದ್ದಾನೆ, ಎಲ್ಲರಿಗೂ ಕಾಣುತ್ತಿದ್ದಾನೆ, ಆದರೆ ಇದ್ದೀನಿ ಎನ್ನಲೊಲ್ಲ. ಅರ್ಧ ಗಂಟೆ ಇಡೀ ಬೆಟ್ಟ ಅವನ ಸಿಟ್ಟು ಇಳಿಯಲಿ ಎಂದು ಕಾದು ಕೂತಿತು. ಕೊನೆಗೆ ಮೇಸ್ತ್ರಿಯೇ ಚಹಾ ತರಿಸಿಕೊಟ್ಟು, ಚಪ್ಪಲಿಗೂ ಒಪ್ಪಿಕೊಂಡ. ಕುಂಟನ ಜೀವಮಾನದಲ್ಲಿ ಅವನಿಗಾಗಿ ಯಾರಾದರೂ ಕಾದದ್ದು ಅದೊಂದೇ ಸಲ. ಆ ಕಥೆಯನ್ನು ಅವನು ವರ್ಷಗಟ್ಟಲೆ ಹೇಳಿದ. ಕೇಳುವವರಿಗೂ ಬೇಜಾರಾಗುತ್ತಿರಲಿಲ್ಲ.

ಆಮೇಲೆ ಹೆದ್ದಾರಿ ಬಂತು. ಊರಿನಿಂದ ಬಂದರಿನವರೆಗೆ ಎಂಟು ಸಾಲಿನ ರಸ್ತೆ. ಅದರ ಹೊಟ್ಟೆಗೆ ಎಷ್ಟು ಜಲ್ಲಿ ಸುರಿದರೂ ಸಾಲದು. ಹೆದ್ದಾರಿಯ ಜೊತೆಗೆ ಇಂಜಿನಿಯರ್ ಬಂದ. ಚಿಕ್ಕ ವಯಸ್ಸು, ಒಳ್ಳೆಯ ಮಾತು. ಕೂಲಿಯವರನ್ನೂ ನೀವು ಎನ್ನುತ್ತಿದ್ದ. ಅವನು ಮೂರು ದಿನ ಕೈಗಡಿಯಾರ ಹಿಡಿದು ಕೂಗನ್ನು ಅಳೆದ. ಒಂದು ಕೂಗಿಗೆ ಇಪ್ಪತ್ತೈದು ನಿಮಿಷ, ಒಮ್ಮೊಮ್ಮೆ ಮೂವತ್ತು. ಆ ಲೆಕ್ಕದಲ್ಲಿ ದಿನಕ್ಕೆ ಎರಡೇ ಸಿಡಿತ. ಮೂವತ್ತೊಂದು ಜನರ ಅಪ್ಪಣೆ ಪಡೆದು ಕಲ್ಲು ಒಡೆಯುವ ದೇಶ ಯಾವಾಗ ಉದ್ಧಾರವಾಗಬೇಕು ಎಂದು ಮೇಸ್ತ್ರಿಯ ಮುಂದೆ ನಕ್ಕನಂತೆ. ಬೇರೆ ಕೆಲವು ದೇಶಗಳಲ್ಲಿ ಯಾರನ್ನೂ ಕೇಳುವುದಿಲ್ಲ, ಒಂದು ವರ್ಷದಲ್ಲಿ ರಸ್ತೆ ಮುಗಿಯುತ್ತದೆ, ಎಂದನಂತೆ. ಹಾಗಾದರೆ ನಾಳೆಯಿಂದಲೇ ಕೂಗು ನಿಲ್ಲಿಸಿಬಿಡೋಣ ಎಂದು ಮೇಸ್ತ್ರಿ ಹೇಳಿದಾಗ ಇಂಜಿನಿಯರ್ ಒಪ್ಪಲಿಲ್ಲ. ತಾನು ಅಂಥವನಲ್ಲ, ಜನರನ್ನು ಕೇಳಿಯೇ ಮಾಡುವವನು, ಎಂದ. ಈ ಮಾತನ್ನು ಅವನು ಮನಸ್ಸಿನಿಂದಲೇ ಹೇಳಿದ್ದು. ಅವನನ್ನು ನೆನೆದರೆ ಕ್ವಾರಿಯವರಿಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಒಂದು ಶನಿವಾರ ಸಭೆ ಕರೆದರು. ಜಲ್ಲಿ ಯಂತ್ರದ ಪಕ್ಕದ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿದರು. ಬಿಸ್ಕತ್ತು ಹಂಚಿದರು. ಮೇಸ್ತ್ರಿ ಎದ್ದು ನಿಂತು ವಿವರಿಸಿದ. ಕೂಗಿನ ಬದಲು ಸೈರನ್. ಸೈರನ್ ಆದ ಎರಡು ನಿಮಿಷಕ್ಕೆ ಸಿಡಿತ. ಇದರಿಂದ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಉಳಿದ ಆ ಗಂಟೆ ನಿಮ್ಮದೇ. ಐದೂವರೆಗೆ ಬಿಡುವ ಬದಲು ನಾಲ್ಕೂವರೆಗೆ ಬಿಡುತ್ತೇವೆ.

ಲೈನ್ ಮನೆಯ ನಲ್ಲಿಯಲ್ಲಿ ನೀರು ಬರುವುದು ನಾಲ್ಕೂವರೆಯಿಂದ ಐದೂವರೆಯವರೆಗೆ. ಕ್ವಾರಿಯವರು ಬರುವ ಹೊತ್ತಿಗೆ ನಲ್ಲಿ ಬುಸ್ ಎನ್ನುತ್ತಿತ್ತು. ಅಕ್ಕ ತಂಗಿ ದಿನವೂ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಿಂದ ಎರಡೆರಡು ಕೊಡ ಹೊತ್ತು ಏರು ಹತ್ತುತ್ತಿದ್ದರು. ಗುಂಡಿಯ ನೀರಿಗೆ ಕಲ್ಲಿನ ಹಿಟ್ಟು ಬೆರೆತು ಅದು ಸುಣ್ಣದ ನೀರಿನ ಹಾಗಿರುತ್ತಿತ್ತು. ಅದರಲ್ಲಿ ಮಿಂದರೆ ಕೂದಲು ಗಟ್ಟಿಯಾಗುತ್ತಿತ್ತು. ನಲ್ಲಿಯ ನೀರು ಎಂದಾಗ ಅಕ್ಕನ ಕಣ್ಣ ಮುಂದೆ ತುಂಬಿದ ಕೊಡ ಬಂದು ನಿಂತಿತು. ಒಪ್ಪುವವರು ಕೈ ಎತ್ತಿ ಎಂದರು. ಅಕ್ಕ ಎತ್ತಿದಳು. ನೀರಿಗಾಗಿ ಎತ್ತಿದಳು. ಪ್ರಗತಿ ಗಿಗತಿ ಅವಳ ತಲೆಯಲ್ಲಿ ಇರಲಿಲ್ಲ.

ಪಕ್ಕದಲ್ಲಿ ತಂಗಿ ಬಿಸ್ಕತ್ತು ತಿನ್ನುತ್ತಿದ್ದಳು. ಅಕ್ಕನ ಕೈ ಮೇಲೆ ಹೋದದ್ದನ್ನು ನೋಡಿದಳು. ಬಿಸ್ಕತ್ತನ್ನು ಎಡಗೈಗೆ ವರ್ಗಾಯಿಸಿ ಬಲಗೈ ಎತ್ತಿದಳು. ಅಕ್ಕನಿಗಿಂತ ಎತ್ತರಕ್ಕೆ ಎತ್ತಿ, ಅಕ್ಕನ ಮುಖ ನೋಡಿ ನಕ್ಕಳು. ಅದೇ ಹೊತ್ತಿಗೆ ಇಂಜಿನಿಯರ್ ಫೋಟೋ ತೆಗೆದ.

ಎಣಿಸುವ ಕೆಲಸವನ್ನು ಮದ್ದಿನಜ್ಜನಿಗೇ ಕೊಟ್ಟರು. ಅವನಿಗೆ ಎಣಿಸಿ ಅಭ್ಯಾಸ. ಅಜ್ಜ ಎರಡು ಸಲ ಎಣಿಸಿದ. ಮೂವತ್ತೊಂದು ಎಂದ. ಎಂದವನು ತಂಗಿಯ ಕೈಯನ್ನು ಒಂದು ಗಳಿಗೆ ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಅಷ್ಟರಲ್ಲಿ ಚಪ್ಪಾಳೆ ಬಿದ್ದಿತು. ಇಂಜಿನಿಯರನ ಕಣ್ಣಲ್ಲಿ ನೀರಾಡಿತು. ಸರ್ವಾನುಮತ, ಎಂದ. ಇಂಥ ಕಡೆಯೂ ಜನರೇ ತೀರ್ಮಾನ ಮಾಡಬಲ್ಲರು ಎಂದು ನಾನು ಎಲ್ಲ ಕಡೆ ಹೇಳುತ್ತೇನೆ, ಎಂದ. ಹೇಳಿದಂತೆಯೇ ನಡೆದುಕೊಂಡ. ಆ ಮಾತಿಗೆ ಅವನು ತಪ್ಪಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕನಿಗೆ ಹೊಳೆಯಿತು. ಅಯ್ಯೋ, ಇವಳಿಗೆ ಸೈರನ್ ಕೇಳಿಸುವುದಿಲ್ಲವಲ್ಲ. ನಿಂತಳು. ತಂಗಿಯೂ ನಿಂತಳು. ತಿರುಗಿ ಹೋಗಿ ಹೇಳಬೇಕೆನಿಸಿತು. ಮೂವತ್ತೊಂದು ಜನ ಕೈ ಎತ್ತಿ ಆದ ಮೇಲೆ ಒಬ್ಬಳು ಹೋಗಿ ಏನು ಹೇಳುವುದು ಎಂದೂ ಅನಿಸಿತು. ನಾನಿದ್ದೀನಲ್ಲ, ಮುಟ್ಟಿ ಎಬ್ಬಿಸುತ್ತೇನೆ, ಎಂದುಕೊಂಡು ನಡೆದಳು.

ನಾಲ್ಕೂವರೆಗೆ ಬಿಟ್ಟದ್ದು ಒಂಬತ್ತು ದಿನ. ಒಂಬತ್ತು ದಿನ ಇಬ್ಬರೂ ನಲ್ಲಿ ನೀರಿನಲ್ಲಿ ಮಿಂದರು. ತಂಗಿ ಕೂದಲನ್ನು ಮೂಸಿ ಮೂಸಿ ನೋಡಿಕೊಂಡಳು. ಹತ್ತನೆಯ ದಿನ ಸಿಡಿತ ಮೂರಾಯಿತು, ಮುಂದಿನ ವಾರ ನಾಲ್ಕು. ಬಿಡುವ ಹೊತ್ತು ಮತ್ತೆ ಐದೂವರೆಗೆ ಹೋಯಿತು, ಆಮೇಲೆ ಆರಕ್ಕೆ. ಕುಂಟ ಹೋಗಿ ಕೇಳಿದ. ನೀವು ಕೈ ಎತ್ತಿದ್ದು ಸೈರನ್ನಿಗೆ, ಬಿಡುವ ಹೊತ್ತಿಗಲ್ಲ, ಎಂದ ಮೇಸ್ತ್ರಿ. ಅದಕ್ಕೂ ವೋಟು ಹಾಕಿಸಿ ಎಂದ ಕುಂಟ. ದಿನಾ ವೋಟು ಹಾಕುತ್ತಾ ಕೂತರೆ ರಸ್ತೆ ನಿಮ್ಮಪ್ಪ ಮಾಡುತ್ತಾನಾ, ಎಂದ ಮೇಸ್ತ್ರಿ. ಮತ್ತೆ ಕೊಡ ಹೊತ್ತು ಏರು ಹತ್ತುವುದು ಶುರುವಾಯಿತು.

ಆ ದಿನ ಬಕೆಟ್ಟು ಜ್ವರ ಬಂದು ಬಂದಿರಲಿಲ್ಲ. ಬಕೆಟ್ಟು ಎಂದರೆ ಜಲ್ಲಿ ಯಂತ್ರದ ಬಾಯಿಗೆ ಕಲ್ಲು ಸುರಿಯುವ ಹೆಂಗಸು. ಅವಳ ಜಾಗಕ್ಕೆ ಮೇಸ್ತ್ರಿ ಅಕ್ಕನನ್ನು ಕಳಿಸಿದ. ಯಂತ್ರ ಇರುವುದು ಬೆಟ್ಟದ ಇನ್ನೊಂದು ಮಗ್ಗುಲಿಗೆ. ಸೈರನ್ ಬಂದ ಮೇಲೆ ಅಲ್ಲಿದ್ದವಳು ಗೋಡೆಗೆ ಬರಬೇಕಿರಲಿಲ್ಲ. ತಂಗಿ ಒಬ್ಬಳೇ ಆಗುತ್ತಾಳೆ, ಸಿಡಿಯುವ ಮೊದಲು ಯಾರಾದರೂ ಮುಟ್ಟಿ ಎಬ್ಬಿಸಬೇಕು, ಎಂದು ಅಕ್ಕ ಹೇಳಿದಳು. ಎರಡು ಸಲ ಹೇಳಿದಳು. ಆಯ್ತು ಹೋಗಮ್ಮ, ಸೈರನ್ ಇದೆಯಲ್ಲ, ಎಂದ ಮೇಸ್ತ್ರಿ. ಆ ಮಾತಿನಲ್ಲಿ ಏನು ತಪ್ಪಿದೆ ಎಂದು ಹೇಳಿದವನಿಗೂ ತಿಳಿಯಲಿಲ್ಲ.

ಹನ್ನೊಂದು ಗಂಟೆಯ ಸೈರನ್ ಅಕ್ಕನಿಗೆ ಯಂತ್ರದ ಗದ್ದಲದಲ್ಲೂ ಕೇಳಿಸಿತು. ಕೈಯಲ್ಲಿದ್ದ ಕಲ್ಲಿನ ಬಾಣಲಿ ಇಳಿಸಿದಳು. ಒಂದು ಹೆಜ್ಜೆ ಇಟ್ಟಳು. ಓಡಿದರೂ ಅಲ್ಲಿಗೆ ತಲುಪಲು ಐದಾರು ನಿಮಿಷ. ಯಾರಾದರೂ ಎಬ್ಬಿಸಿರುತ್ತಾರೆ ಎಂದುಕೊಂಡಳು. ಬಾಣಲಿ ಎತ್ತಿದಳು.

ಗೋಡೆಯ ಹಿಂದೆ ಇಪ್ಪತ್ತೆಂಟು ಜನ ಕೂತಿದ್ದರು. ಒಬ್ಬೊಬ್ಬರೂ ಇನ್ನೊಬ್ಬರು ಎಬ್ಬಿಸಿರುತ್ತಾರೆ ಎಂದುಕೊಂಡಿದ್ದರು. ಕೂಗು ಇದ್ದಾಗ ಇಲ್ಲದವರು ಯಾರೆಂದು ಗೊತ್ತಾಗುತ್ತಿತ್ತು. ಸೈರನ್ನಿಗೆ ಯಾರು ಇದ್ದಾರೆ ಯಾರು ಇಲ್ಲ ಎಂಬುದು ಬೇಕಿಲ್ಲ, ಅದು ಕೂಗುತ್ತದೆ ಅಷ್ಟೇ. ಅಜ್ಜ ಎರಡು ನಿಮಿಷ ಎಣಿಸಿ ಗುಂಡಿ ಒತ್ತಿದ. ತಂಗಿ ಆ ದಿನ ಎತ್ತರಕ್ಕೆ ಬಿದ್ದಿದ್ದ ಕಲ್ಲಿನ ರಾಶಿಯ ಮರೆಯಲ್ಲಿ, ಬಂಡೆಗೆ ಬೆನ್ನು ಮಾಡಿ ಕೂತಿದ್ದಳು. ಸುತ್ತಿಗೆ ಅವಳ ಕೈಯಲ್ಲೇ ಇತ್ತು.

ಹಲಗೆಯ ಮೇಲೆ ತಂದು ಮಲಗಿಸಿದಾಗ ಅಕ್ಕ ಅಳಲಿಲ್ಲ. ಅಳು ಬರಲಿಲ್ಲ. ತಂಗಿಯ ಮುಖದ ಮೇಲಿನ ಕಲ್ಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಇತ್ತು. ನೀರು ತನ್ನಿ ಎಂದಳು. ಯಾರೋ ತಂದರು. ಗುಂಡಿಯ ನೀರು. ಬೇಡ ಎಂದಳು. ಮಣ್ಣು ಮಾಡಿ ಬಂದ ಮೇಲೆ ಚಾಪೆಯ ಒಂದು ಬದಿಯಲ್ಲಿ ಮಲಗಿದಳು. ಬೆಳಿಗ್ಗೆ ಎದ್ದಾಗ ಕೈ ತಾನಾಗಿ ಪಕ್ಕಕ್ಕೆ ಹೋಯಿತು, ಮುಟ್ಟಿ ಎಬ್ಬಿಸಲು. ಇಷ್ಟಾದರೂ ಒಳಗೆ ಏನೂ ಆಗಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಕಲ್ಲು ಬಿದ್ದರೆ ಹೇಗೋ ಹಾಗೆ. ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಹೋಗದೆ ಕೋಣೆಯಲ್ಲಿ ಕೂತು ಮಾಡುವುದೇನಿತ್ತು. ಅದೇ ಬಂಡೆ, ಅದೇ ಸೈರನ್. ಏಳುವಾಗಲೆಲ್ಲ ಅವಳ ಕೈ ಗಾಳಿಯನ್ನು ಮುಟ್ಟುತ್ತಿತ್ತು.

ಮೇಸ್ತ್ರಿ ಒಂದು ಕಾಗದ ತಂದ. ಹೆಬ್ಬೆಟ್ಟು ಒತ್ತು ಎಂದ. ಏನಿದೆ ಓದಿ ಎಂದಳು ಅಕ್ಕ. ಓದಿದ. ಸೈರನ್ ವ್ಯವಸ್ಥೆಯನ್ನು ಕಾರ್ಮಿಕರೇ ಸರ್ವಾನುಮತದಿಂದ ಒಪ್ಪಿ ಜಾರಿಗೆ ತಂದಿದ್ದು, ಮೃತಳೂ ಕೈ ಎತ್ತಿ ಒಪ್ಪಿಗೆ ಕೊಟ್ಟಿದ್ದಳು. ಎಚ್ಚರಿಕೆ ಕೊಟ್ಟ ಮೇಲೂ ಸ್ಥಳ ಬಿಟ್ಟು ಸರಿಯದೆ ಇದ್ದದ್ದು ಆಕೆಯ ಸ್ವಂತ ಅಜಾಗರೂಕತೆ. ಇದು ಸತ್ಯವೆಂದು ಮೃತಳ ಅಕ್ಕನ ಹೇಳಿಕೆ. ಅಕ್ಕನ ಹೆಬ್ಬೆಟ್ಟು ಬಿದ್ದರೆ ಮೇಲಿನವರ ತನಿಖೆ ಮುಗಿಯುತ್ತದೆ. ಹೆಬ್ಬೆಟ್ಟು ಒತ್ತಿದರೆ ಆಫೀಸಿನಲ್ಲಿ ಕಸ ಗುಡಿಸುವ, ನೆರಳಿನ ಕೆಲಸ ಕೊಡಿಸುತ್ತೇನೆ ಎಂದೂ ಹೇಳಿದ ಮೇಸ್ತ್ರಿ.

ಅಕ್ಕ ನಾಳೆ ಎಂದಳು. ಮರುದಿನವೂ ನಾಳೆ ಎಂದಳು. ಕಾಗದದಲ್ಲಿ ಸುಳ್ಳು ಯಾವುದು ಎಂದು ಅವಳಿಗೆ ಹೇಳಲು ಬರಲಿಲ್ಲ. ಸೈರನ್ ಆಗಿತ್ತು. ತಂಗಿ ಸರಿಯಲಿಲ್ಲ. ತಂಗಿ ಕೈ ಎತ್ತಿದ್ದಳು. ಒಂದೊಂದೂ ನಿಜ. ಎಲ್ಲ ನಿಜವೂ ಸೇರಿ ತಂಗಿಯನ್ನು ತಾನೇ ತನ್ನ ಸಾವಿಗೆ ಒಪ್ಪಿಗೆ ಕೊಟ್ಟವಳನ್ನಾಗಿ ಮಾಡುತ್ತಿದ್ದವು. ಹೆಬ್ಬೆಟ್ಟಿನ ಕೆಳಗೆ ಅದು ಶಾಶ್ವತವಾಗಿ ಉಳಿದುಬಿಡುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಜೀಪು ಬಂತು. ಊರಿನ ದೊಡ್ಡ ಹಾಲ್‌ನಲ್ಲಿ ಏನೋ ಚರ್ಚೆಯಂತೆ, ಇಂಜಿನಿಯರ್ ಮಾತಾಡುತ್ತಾರಂತೆ, ಕಾರ್ಮಿಕರ ಕಡೆಯಿಂದ ಇಬ್ಬರು ಬರಬೇಕಂತೆ. ಮರ್ಯಾದೆ ಸಿಕ್ಕರೆ ಹೆಬ್ಬೆಟ್ಟು ಒತ್ತಿಯಾಳು ಎಂದು ಮೇಸ್ತ್ರಿ ಅಕ್ಕನನ್ನೂ, ಜೊತೆಗೆ ಮದ್ದಿನಜ್ಜನನ್ನೂ ಹತ್ತಿಸಿ ತಾನೂ ಹತ್ತಿದ. ಅಕ್ಕ ಒಗೆದ ಸೀರೆ ಉಟ್ಟಿದ್ದಳು. ಅಜ್ಜ ತಂಗಿ ಸತ್ತ ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಎರಡು ಬೆರಳಿನ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದ.

ಹಾಲ್ ತಣ್ಣಗಿತ್ತು. ಕುರ್ಚಿಗಳಿಗೆ ಮೆತ್ತೆ ಇತ್ತು. ಅಕ್ಕ ತುದಿಯಲ್ಲಿ ಕೂತಳು, ಎಷ್ಟು ಒಗೆದರೂ ಸೀರೆಯಿಂದ ಹಿಟ್ಟು ಉದುರುತ್ತದೆ ಎಂದು. ಗೋಡೆಯ ಮೇಲೆ ದೊಡ್ಡ ಬಟ್ಟೆ ಕಟ್ಟಿದ್ದರು. ಅದರಲ್ಲಿ ಬರೆದದ್ದೇನು ಎಂದು ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು ಕೇಳಿದಳು. ಬೆಳೆಯುತ್ತಿರುವ ದೇಶಕ್ಕೆ ಪ್ರಜಾಪ್ರಭುತ್ವ ನೆರವೋ ತೊಡಕೋ ಅಂತ ಇದೆ ಆಂಟೀ, ಎಂದಳು ಹುಡುಗಿ. ಪ್ರಜಾಪ್ರಭುತ್ವ ಅಂದರೆ? ಎಲ್ಲರನ್ನೂ ಕೇಳಿ ಮಾಡುವುದು, ಎಂದಳು. ಅಕ್ಕ ಹೂಂ ಎಂದಳು. ಒಂದು ಕಾಲಕ್ಕೆ ದಿನಕ್ಕೆ ಎರಡು ಸಲ ತನ್ನನ್ನೂ ಕೇಳುತ್ತಿದ್ದರು ಎಂದು ಹುಡುಗಿಗೆ ಹೇಳಬೇಕೆನಿಸಿತು.

ಮೊದಲು ದಪ್ಪ ಕನ್ನಡಕದ ಪ್ರೊಫೆಸರ್ ಮಾತಾಡಿದರು. ತೊಡಕು ಎಂಬುದು ಅವರ ವಾದ. ಹೊಟ್ಟೆಗಿಲ್ಲದ ದೇಶಕ್ಕೆ ಮೊದಲು ರಸ್ತೆ, ವಿದ್ಯುತ್ತು, ಕಾರ್ಖಾನೆ ಬೇಕು, ಕೇಳುವುದು ಹೇಳುವುದು ಎಲ್ಲ ಆಮೇಲೆ. ಎಲ್ಲರ ಮಾತು ಕೇಳುತ್ತಾ ಹೋದರೆ ಒಂದು ತಲೆಮಾರು ಕಾಯುವುದರಲ್ಲೇ ಮುಗಿಯುತ್ತದೆ. ಅಂಕಿಗಳನ್ನು ತೋರಿಸಿದರು. ಯಾರನ್ನೂ ಕೇಳದ ದೇಶಗಳ ಗೆರೆ ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ಇಂಜಿನಿಯರ್ ಎದ್ದ. ನೆರವು ಎಂಬುದು ಅವನ ವಾದ. ಜನರನ್ನು ಕೇಳಿದರೆ ಕೆಲಸ ನಿಧಾನವಾಗುತ್ತದೆ ಎಂಬುದು ತಪ್ಪು ಕಲ್ಪನೆ, ಸರಿಯಾಗಿ ಕೇಳಿದರೆ ಜನರೇ ವೇಗವನ್ನು ಆರಿಸಿಕೊಳ್ಳುತ್ತಾರೆ, ನೋಡಿ, ಎಂದು ಗುಂಡಿ ಒತ್ತಿದ. ಪರದೆಯ ಮೇಲೆ ಶೆಡ್ಡು ಬಂತು. ಮೂವತ್ತೊಂದು ಕೈಗಳು ಬಂದವು.

ತಂಗಿ ಗೋಡೆಯಷ್ಟು ದೊಡ್ಡದಾಗಿ ಕಂಡಳು. ತುಟಿಯ ಮೇಲೆ ಬಿಸ್ಕತ್ತಿನ ಪುಡಿ ಇತ್ತು. ಕೈ ಎಲ್ಲರಿಗಿಂತ ಮೇಲಿತ್ತು. ಈ ಉತ್ಸಾಹ ನೋಡಿ ಎಂದು ಇಂಜಿನಿಯರ್ ಅವಳ ಮೇಲೆಯೇ ಬೆಳಕಿನ ಚುಕ್ಕೆ ಆಡಿಸಿದ. ಅವಳು ಯಾರೆಂದು ಅವನಿಗೆ ನೆನಪಿರಲಿಲ್ಲ. ಸತ್ತವಳ ಮುಖವನ್ನು ಅವನು ನೋಡಿಯೇ ಇರಲಿಲ್ಲ, ಕಾಗದವನ್ನಷ್ಟೇ ನೋಡಿದ್ದ. ಹಾಲ್ ಚಪ್ಪಾಳೆ ತಟ್ಟಿತು. ಕಾಲೇಜು ಹುಡುಗಿಯೂ ತಟ್ಟಿದಳು.

ಅಧ್ಯಕ್ಷರು ಕಾರ್ಮಿಕರ ಕಡೆ ತಿರುಗಿ, ಅಮ್ಮಾ, ನೀವೇ ಹೇಳಿ, ಎಂದರು. ಮೈಕು ಅಕ್ಕನ ಮುಂದೆ ಬಂತು. ಅವಳು ಎದ್ದಳು.

"ನಂಗೆ ದೇಶದ್ದು ಗೊತ್ತಿಲ್ಲ ಸ್ವಾಮಿ," ಎಂದಳು. "ಅಲ್ಲಿ ಮೇಲಿರೋ ಕೈ ನನ್ನ ತಂಗೀದು. ಅವಳು ಹುಟ್ಟು ಕಿವುಡಿ. ನಾನು ಎತ್ತಿದೆ ಅಂತ ಎತ್ತಿದಳು. ಸೈರನ್ ಬೇಕು ಅಂತ ಕಿವುಡಿ ಕೈ ಎತ್ತಿದ್ದನ್ನ ನೀವು ಲೆಕ್ಕಕ್ಕೆ ಹಿಡಿದ್ರಿ. ಆ ಸೈರನ್ ಕೇಳಿಸದೆ ಸತ್ತು ಇವತ್ತಿಗೆ ಇಪ್ಪತ್ತೆರಡು ದಿನ. ಆ ಕೈ ತೆಗೀರಿ. ನಂದೂ ತೆಗೀರಿ."

ಇಂಜಿನಿಯರನ ಮುಖ ಬಿಳುಪೇರಿತು. ಅವನು ನೀರು ಕುಡಿದ. ಅಷ್ಟರಲ್ಲಿ ಪ್ರೊಫೆಸರ್ ಎದ್ದು, ನಾನು ಹೇಳುತ್ತಿರುವುದೂ ಇದನ್ನೇ, ಅರಿವಿಲ್ಲದವರ ಕೈ ಎಣಿಸಿದರೆ ಹೀಗೇ ಆಗುವುದು, ಇಂಥವರ ಒಳಿತಿಗಾಗಿಯೇ ಇವರನ್ನು ಕೇಳಬಾರದು, ಎಂದರು. ಕೆಲವರು ತಲೆದೂಗಿದರು. ಇಂಜಿನಿಯರ್ ಸಾವರಿಸಿಕೊಂಡ. ಆ ತಾಯಿಯ ದುಃಖದಲ್ಲಿ ನಾನೂ ಭಾಗಿ, ಎಂದ. ಆಮೇಲೆ ಧ್ವನಿ ತಗ್ಗಿಸಿ, ಮರ್ಯಾದೆಯಿಂದಲೇ ಹೇಳಿದ: "ಆದ್ರೂ ಒಂದು ಮಾತು. ಆ ಎರಡು ಕೈ ತೆಗೆದ್ರೂ ಇಪ್ಪತ್ತೊಂಬತ್ತು ಉಳಿಯುತ್ತೆ. ಬಹುಮತ ಬಹುಮತವೇ."

ಒಬ್ಬ ತೊಡಕಿನ ಕಡೆಗೆ ತಂಗಿಯನ್ನು ಎಳೆದುಕೊಂಡ, ಇನ್ನೊಬ್ಬ ನೆರವಿನ ಕಡೆಗೆ. ಇಬ್ಬರಿಗೂ ಅವಳು ಉಪಯೋಗಕ್ಕೆ ಬಂದಳು. ಆಮೇಲೆ ಊಟದ ಬಿಡುವು ಎಂದು ಸಾರಿದರು. ಕುರ್ಚಿಗಳು ಸದ್ದು ಮಾಡಿದವು. ಅಕ್ಕ ನಿಂತೇ ಇದ್ದಳು. ಯಾರೋ ಅವಳ ಮುಂದಿನಿಂದ ಮೈಕು ತೆಗೆದುಕೊಂಡು ಹೋದರು.

ವಾಪಸು ಬರುವಾಗ ಜೀಪಿನಲ್ಲಿ ಮೇಸ್ತ್ರಿ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಅವಳ ತೊಡೆಯ ಮೇಲೆ ಇಟ್ಟ. ಎಲ್ಲರ ಮುಂದೆ ಮಾನ ಕಳೆದಿದ್ದು ಸಾಕು, ಈಗಲಾದರೂ ಒತ್ತು, ಎಂದ. ಅಕ್ಕ ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ನಾಳೆ ಎನ್ನಲಿಲ್ಲ.

"ಒತ್ತಲ್ಲ," ಎಂದಳು.

ಮೇಸ್ತ್ರಿ ಕೋಣೆಯ ಮಾತೆತ್ತಿದ. ಲೈನ್ ಮನೆ ಕಂಪನಿಯದು ಎಂದ. ಗೊತ್ತು ಎಂದಳು. ಉಳಿದ ದಾರಿ ಮುಷ್ಟಿ ಬಿಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ಕ್ವಾರಿಗೆ ಹೋದಳು. ಬಂಡೆಯ ಬುಡದಲ್ಲಿ, ತಂಗಿ ಕೂರುತ್ತಿದ್ದ ಜಾಗದಲ್ಲಿ ಕೂತು ಕಲ್ಲೊಡೆಯಲು ಶುರುಮಾಡಿದಳು. ತಲೆಯ ಮೇಲೆ ಕುಳಿ ಹೊಡೆದರು. ಮದ್ದು ತುಂಬಿದರು. ತಂತಿಗಳು ಜೋತುಬಿದ್ದವು. ಹತ್ತು ಗಂಟೆಗೆ ಸೈರನ್ ಆಯಿತು. ಎಲ್ಲರೂ ಎದ್ದು ಗೋಡೆಯ ಹಿಂದಕ್ಕೆ ಹೋದರು. ಅಕ್ಕ ಏಳಲಿಲ್ಲ.

ಮೇಸ್ತ್ರಿ ಗೋಡೆಯ ಹಿಂದಿನಿಂದ ಸೀಟಿ ಊದಿದ. ಕೈ ಬೀಸಿದ. ಅವಳು ಕಲ್ಲು ಒಡೆದಳು. ಎರಡನೆಯ ಸೈರನ್ ಹಾಕಿಸಿದ. ಅವಳು ಒಡೆದ ಕಲ್ಲನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎಳೆದುಕೊಂಡಳು. ಬಂಡೆಯಿಂದ ಇಪ್ಪತ್ತು ಮಾರು ದೂರದಲ್ಲಿ ಸುಣ್ಣದ ಗೆರೆ ಎಳೆದಿತ್ತು, ಮದ್ದು ತುಂಬಿದ ಮೇಲೆ ಆ ಗೆರೆ ದಾಟುವಂತಿಲ್ಲ. ಮೇಸ್ತ್ರಿ ಗೆರೆಯವರೆಗೆ ಓಡಿ ಬಂದು ಗಕ್ಕನೆ ನಿಂತ. ಕಿವಿ ಕೇಳಿಸಲ್ವೇನೇ ನಿಂಗೆ, ಎಂದು ಕಿರುಚಿದ. ಬಾಯಿಗೆ ಬಂದದ್ದೆಲ್ಲ ಬೈದ. ದಿಬ್ಬದ ಮೇಲೆ ಮದ್ದಿನಜ್ಜ ಗುಂಡಿಯ ಪೆಟ್ಟಿಗೆಯಿಂದ ತಂತಿ ಕಿತ್ತು, ಪೆಟ್ಟಿಗೆಗೆ ಬೆನ್ನು ಮಾಡಿ ಕೂತುಬಿಟ್ಟ.

ಇಂಜಿನಿಯರನಿಗೆ ಹೇಳಿಕಳಿಸಿದರು. ಜೀಪು ಧೂಳೆಬ್ಬಿಸಿಕೊಂಡು ಬಂತು. ಅವನೂ ಗೆರೆಯ ಹತ್ತಿರ ಬಂದ. ಅವನ ಶೂಗಳ ತುದಿ ಸುಣ್ಣಕ್ಕೆ ತಾಗಿ ನಿಂತಿತು. ನಿಮಗೆ ಏನು ಬೇಕು ಹೇಳಿ ಎಂದ. ನೆರಳಿನ ಕೆಲಸವೇ, ಬೇರೆ ಕೋಣೆಯೇ, ಕಾಗದದ ಒಕ್ಕಣೆ ಬದಲಿಸಬೇಕೇ, ಎಲ್ಲ ಮಾತಾಡೋಣ, ಮೊದಲು ಅಲ್ಲಿಂದ ಎದ್ದು ಬನ್ನಿ, ಎಂದ.

ಅಕ್ಕ ತಲೆಯೆತ್ತಿ ಮೊದಲ ಸಲ ಅವನನ್ನು ನೋಡಿದಳು.

"ಇಲ್ಲಿಗೆ ಬಂದು ಹೇಳಿ," ಎಂದಳು.

ಇಂಜಿನಿಯರ್ ಬಂಡೆಯ ಮೇಲಿನ ಕುಳಿಗಳನ್ನು ನೋಡಿದ. ಜೋತ ತಂತಿಗಳನ್ನು ನೋಡಿದ. ದಿಬ್ಬದ ಮೇಲಿನ ಅಜ್ಜನನ್ನು ನೋಡಿದ. ತಂತಿ ಕಿತ್ತದ್ದು ಅವನಿಗೂ ಕಂಡಿತ್ತು, ಸಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕಾಲು ಗೆರೆ ದಾಟಲಿಲ್ಲ. ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ನೆಲ ನೋಡಿದ. ಇಬ್ಬರೂ ಅಲ್ಲೇ ನಿಂತರು. ಕೆಳಗೆ ಜಲ್ಲಿ ಯಂತ್ರ ಕಲ್ಲಿಲ್ಲದೆ ಬರಿದೇ ತಿರುಗಿ ನಿಂತುಹೋಯಿತು. ಲಾರಿಗಳು ಒಂದರ ಹಿಂದೊಂದು ಬಂದು ಸಾಲುಗಟ್ಟಿದವು. ಮೊದಲು ಹಾರ್ನ್ ಬಾರಿಸಿದವು, ಆಮೇಲೆ ಅದನ್ನೂ ಬಿಟ್ಟವು. ಬಿಸಿಲು ಏರಿತು. ಎಂಟು ಸಾಲಿನ ಹೆದ್ದಾರಿ ಬಂದರಿನ ಕಡೆಗೆ ಒಂದು ಗೇಣೂ ಮುಂದೆ ಹೋಗಲಿಲ್ಲ.

ಆಗ ಗೋಡೆಯ ಹಿಂದಿನಿಂದ ಕುಂಟ ಎದ್ದ. ಕಾಲೆಳೆಯುತ್ತಾ ಇಂಜಿನಿಯರನನ್ನೂ ಮೇಸ್ತ್ರಿಯನ್ನೂ ದಾಟಿದ. ಗೆರೆ ದಾಟಿದ. ಜಲ್ಲಿಯ ಮೇಲೆ ಒಂದು ಕಡೆ ಜಾರಿದ, ಕೈಯೂರಿ ಎದ್ದ. ಬಂಡೆಯ ಬುಡಕ್ಕೆ ಬಂದು ಅಕ್ಕನ ಹೆಗಲು ಮುಟ್ಟಿದ.

"ಮದ್ದು ತುಂಬಿದಾರೆ," ಎಂದ. "ಏಳು."

ಅಷ್ಟೇ ಮಾತು. ಗೋಡೆಯಿಂದ ಅಲ್ಲಿಯವರೆಗೆ ನಡೆದು ಬಂದು ಅಷ್ಟು ಹೇಳಲು, ಒಂದು ಕಾಲು ಸರಿಯಿಲ್ಲದವನಿಗೆ ಹಿಡಿದದ್ದು ಎರಡು ನಿಮಿಷ.

ಅಕ್ಕನ ಕೈಯಿಂದ ಸುತ್ತಿಗೆ ಬಿತ್ತು. ಇಪ್ಪತ್ತಮೂರು ದಿನ ಎಲ್ಲಿತ್ತೋ ಆ ಅಳು, ಒಮ್ಮೆಗೇ ಬಂತು. ಬಾಯಿ ತೆರೆದು, ಸೆರಗು ಒತ್ತಿಕೊಳ್ಳದೆ, ಎಲ್ಲರಿಗೂ ಕೇಳಿಸುವಂತೆ ಅತ್ತಳು. ಕುಂಟ ಅವಳನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೆಟ್ಟ ಕಾಲನ್ನು ಚಾಚಿ ಕೂತ.

"ಅವತ್ತು ಬರಬೇಕಾಗಿತ್ತು ನಾನು," ಎಂದ.

ಗೆರೆಯ ಆಚೆಯಿಂದ ಇಂಜಿನಿಯರ್ ಏನೋ ಹೇಳುತ್ತಿದ್ದ. ಇಬ್ಬರೂ ಆ ಕಡೆ ತಿರುಗಲಿಲ್ಲ. ಗೋಡೆಯ ಹಿಂದೆ ದೊಡ್ಡ ಸೊಸೆ ಎದ್ದು ನಿಂತು ಸೀರೆ ಕೊಡವಿಕೊಂಡಳು, ಆಮೇಲೆ ಅವರತ್ತ ನಡೆಯತೊಡಗಿದಳು.